ಮೂರು ಪುಟ ಓದುವಷ್ಟು ಹೊತ್ತು

2014ರ ಜನವರಿ. ದುಬೈಯಲ್ಲಿ ಬೆಳಗಿನ ಹೊತ್ತು ತೆಳ್ಳಗಿನ ಸ್ವೆಟರ್ ಹಾಕಿಕೊಳ್ಳಬಹುದಾದ ದಿನಗಳು. ನನಗಾಗ ಅರವತ್ತೆಂಟು. ಇಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಲೈಬ್ರರಿಯನ್ ಆಗಿದ್ದು, ರಿಟೈರ್ ಆದ ಮೇಲೆ ಮಗಳ ವೀಸಾದಲ್ಲಿ ಅವಳ ಮನೆಯಲ್ಲೇ ಇದ್ದೆ. ಆ ತಿಂಗಳ ಒಂದು ಶುಕ್ರವಾರ ನಾನು ಮಾಡಿದ್ದನ್ನು ಈವರೆಗೆ ಇಬ್ಬರಿಗೆ ಮಾತ್ರ ಹೇಳಿದ್ದೇನೆ. ಮೂರನೇ ಸಲ ಇಲ್ಲಿ ಹೇಳುತ್ತಿದ್ದೇನೆ.

ದುಬೈಯ ಸತ್ವಾ ಬಡಾವಣೆಯ ಹಳೆಯ ವಿಲ್ಲಾವೊಂದರಲ್ಲಿ ನಮ್ಮದೊಂದು ಪುಸ್ತಕದ ಗುಂಪು ಇತ್ತು. ಹತ್ತು ಹನ್ನೆರಡು ಜನ. ಯಾರಾದರೂ ಓದುವುದು, ಉಳಿದವರು ಕೇಳುವುದು, ಆಮೇಲೆ ಸಮೋಸ. ಇಷ್ಟೇ. ಮಾರ್ಟಿನ್ ಅಂತ ಇಂಗ್ಲೆಂಡಿನ ಒಬ್ಬ ಹಿಸ್ಟರಿ ಟೀಚರ್ ಸೇರಿಕೊಂಡ ಮೇಲೆ ನಮಗೆಲ್ಲ ಒಂದು ಹೊಸ ಹುಚ್ಚು ಹಿಡಿಯಿತು. ಆರೇಳು ನೂರು ವರ್ಷ ಹಿಂದಿನ ಜನರ ಹಾಗೆ ಬಟ್ಟೆ ತೊಟ್ಟು, ಅವರ ಹಾಗೆ ಅಡುಗೆ ಮಾಡಿ, ಬೆತ್ತದ ಕತ್ತಿಗೆ ಟೇಪ್ ಸುತ್ತಿ, ಹೆಲ್ಮೆಟ್ ಹಾಕಿ ಕಾಳಗ ಆಡುವುದು. "ಅಮ್ಮಾ, ಸೀರಿಯಸ್ಲೀ? ಈ ವಯಸ್ಸಲ್ಲಿ ಫ್ಯಾನ್ಸಿ ಡ್ರೆಸ್?" ಎಂದಳು ಮಗಳು.

ಪ್ರತಿಯೊಬ್ಬರೂ ಆ ಕಾಲದ ಒಂದು ಬಾಳನ್ನು ಆರಿಸಿಕೊಳ್ಳಬೇಕಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ತಿದ್ದಿದ ಅಕ್ಷರ ನನ್ನದು. ಹಾಗಾಗಿ ನಾನು ಮಠದಲ್ಲಿ ಕೂತು ಪುಸ್ತಕ ನಕಲು ಮಾಡುವ ಸನ್ಯಾಸಿನಿಯಾದೆ. ಭಟ್ಕಳದ ಇರ್ಷಾದ್‌ಗೆ ದೇರಾದಲ್ಲಿ ಬಟ್ಟೆ ಅಂಗಡಿ. ಅವನು ಅರಬ್ಬಿ ಕುದುರೆಗಳನ್ನು ಹಡಗಿನಲ್ಲಿ ಭಟ್ಕಳಕ್ಕೆ ತರುವ ವ್ಯಾಪಾರಿಯಾದ. "ನಮ್ಮ ಅಜ್ಜನ ಅಜ್ಜ ಮಾಡಿದ್ದೇ ಇದು ಮೇಡಂ. ನನಗೆ ಆ್ಯಕ್ಟಿಂಗ್ ಏನೂ ಬೇಕಾಗಿಲ್ಲ" ಎನ್ನುತ್ತಿದ್ದ.

ವಲೇರಿಯನ್ ಮಾತ್ರ ಅಬುಧಾಬಿ ಪಕ್ಕದ ಮುಸಫ್ಫಾದಿಂದ ಬರುತ್ತಿದ್ದ. ಕಾರ್ಕಳದ ಕಡೆಯವನು, ಐವತ್ತೆರಡು ವರ್ಷ, ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಶುಕ್ರವಾರ ಬೆಳಿಗ್ಗೆ ಅಬುಧಾಬಿಯಿಂದ ಮೊದಲ ಬಸ್ಸು ಹಿಡಿಯುತ್ತಿದ್ದ. ನಮ್ಮೆಲ್ಲರ ಹೆಲ್ಮೆಟ್ ಅವನೇ ತಗಡಿನ ತುಂಡುಗಳಲ್ಲಿ ಬಡಿದು ಮಾಡಿದ್ದು. ತನಗೆಂದು ಒಂದು ಕಬ್ಬಿಣದ ಅಂಗಿ ಹೆಣೆಯುತ್ತಿದ್ದ. ತಂತಿಯನ್ನು ಸರಳಿಗೆ ಸುತ್ತಿ, ಕತ್ತರಿಸಿ, ಒಂದೊಂದು ಉಂಗುರವನ್ನು ನಾಲ್ಕು ಉಂಗುರಗಳಿಗೆ ಸೇರಿಸಿ ಇಕ್ಕಳದಲ್ಲಿ ಒತ್ತುವುದು. ಎರಡು ವರ್ಷದಿಂದ ಅದೇ ಕೆಲಸ. ನಾನು ಓದುವಾಗ ಅವನ ಇಕ್ಕಳ ಮೆಲ್ಲಗೆ ಕಟ್ ಕಟ್ ಎನ್ನುತ್ತಿತ್ತು. ನೀವೂ ಒಂದು ದಿನ ಓದಿ ಎಂದರೆ, "ನೀವೇ ಓದಿ ಮೇಡಂ, ನನಗೆ ಕೇಳ್ಲಿಕ್ಕೆ ಚಂದ. ಕೈ ಖಾಲಿ ಇಲ್ಲ ಅಲ್ವಾ" ಎನ್ನುತ್ತಿದ್ದ.

ಈ ಆಟದ ಎರಡು ನಿಯಮಗಳನ್ನು ಹೇಳಿಬಿಡುತ್ತೇನೆ. ಕಾಳಗಕ್ಕೆ ಅಂಪೈರ್ ಇಲ್ಲ. ಪೆಟ್ಟು ಸರಿಯಾಗಿ ತಗುಲಿತೋ ಇಲ್ಲವೋ ಎಂಬುದನ್ನು ಪೆಟ್ಟು ತಿಂದವನೇ ಹೇಳಬೇಕು. ಹೊಡೆದವನೂ ಹೇಳುವಂತಿಲ್ಲ, ನೋಡುವವರೂ ಹೇಳುವಂತಿಲ್ಲ. ಅದು ಅವನ ಆನರ್. ಎರಡನೆಯದು, ತಗುಲಿತು ಎಂದು ಒಪ್ಪಿ ಬಿದ್ದವನು ಸತ್ತ ಹಾಗೆ. ಗಂಟೆ ಬಾರಿಸುವ ತನಕ ಅಲುಗಾಡುವಂತಿಲ್ಲ, ಯಾರೂ ಅವನನ್ನು ಮುಟ್ಟುವಂತಿಲ್ಲ. ಗಂಟೆ ನನ್ನ ಕೈಯಲ್ಲಿರುತ್ತಿತ್ತು, ನನ್ನ ಲೈಬ್ರರಿ ಮೇಜಿನ ಮೇಲಿದ್ದ ಹಳೆಯ ಹಿತ್ತಾಳೆ ಬೆಲ್.

ವಲೇರಿಯನ್ ಯಾವತ್ತೂ ಸಾಯುತ್ತಿರಲಿಲ್ಲ. ಎಷ್ಟು ಹೊಡೆದರೂ ನಿಂತೇ ಇರುತ್ತಿದ್ದ.

"ಅದು ಬರೇ ಗಾಳಿ ಮಾರಾಯ."

"ಹೆಲ್ಮೆಟ್ ಟಣ್ ಅಂತು. ಗಾಳಿಗೆ ಟಣ್ ಅಂತದಾ?" ಇರ್ಷಾದ್‌ಗೆ ಉರಿದು ಹೋಗುತ್ತಿತ್ತು.

"ನಾನು ಮಾಡಿದ ಹೆಲ್ಮೆಟ್ ಅದು. ಗಾಳಿಗೂ ಟಣ್ ಅಂತದೆ."

ಆ ಜನವರಿಯಲ್ಲಿ ಮೊದಲ ಸಲ ಮನೆಯವರನ್ನೂ ಸ್ನೇಹಿತರನ್ನೂ ಕರೆದು ಒಂದು ಕಾಳಗ ತೋರಿಸುವುದೆಂದಾಯಿತು. ಕೊನೆಗೆ ಬಿದ್ದ ವೀರನ ಮುಂದೆ ಮಠದ ಸನ್ಯಾಸಿನಿ ನಿಂತು ಒಂದು ಶೋಕಗೀತೆಯಂಥ ಬರಹ ಓದಬೇಕು, ಆಮೇಲೆ ಗಂಟೆ. ನಾನು ಒಂದು ತಿಂಗಳು ಕೂತು ಬರೆದೆ. ನಿಬ್ ಪೆನ್ನಿನಲ್ಲಿ, ದಪ್ಪ ಕಾಗದದ ಮೇಲೆ, ಮೂರು ಪುಟ. ನಿಜ ಹೇಳುತ್ತೇನೆ, ನನಗೆ ಅದರ ಬಗ್ಗೆ ಜಂಬವಿತ್ತು. ಗಂಡ ತೀರಿಕೊಂಡಾಗ ಹೇಳಲಾಗದೆ ಉಳಿದ ಎಷ್ಟೋ ಮಾತು ಅದರೊಳಗೆ ಸೇರಿಕೊಂಡಿತ್ತು.

ಹಿಂದಿನ ವಾರದ ರಿಹರ್ಸಲ್‌ನಲ್ಲಿ ಆ ವೀರನಾಗಬೇಕಿದ್ದ ವಲೇರಿಯನ್ ಬೀಳಲೇ ಇಲ್ಲ. ನನಗೆ ಕೋಪ ಬಂತು. "ವಲೇರಿಯನ್, ಫಾರ್ ಒನ್ಸ್ ಇನ್ ಯುವರ್ ಲೈಫ್, ಪ್ಲೀಸ್ ಡೈ ಪ್ರಾಪರ್ಲೀ. ನೀವು ಬೀಳದಿದ್ರೆ ನಾನು ಯಾರಿಗೆ ಅಂತ ಓದಲಿ?"

ಅವನು ಹೆಲ್ಮೆಟ್ ತೆಗೆದು ನಕ್ಕ. "ಆಯ್ತು ಮೇಡಂ. ಬರುವ ವಾರ ಕ್ಲಾಸಾಗಿ ಸತ್ತು ತೋರಿಸ್ತೇನೆ. ಎಷ್ಟು ಪುಟ ಉಂಟು?"

"ಮೂರು."

"ಅಷ್ಟು ಹೊತ್ತು ಸತ್ತೇ ಇರಬೇಕಾ? ನಿದ್ದೆ ಬಂದ್ರೆ?"

"ನಿದ್ದೆ ಬಂದ್ರೆ ಗಂಟೆ ಹೊಡೆಯೋದೇ ಇಲ್ಲ, ಅಲ್ಲೇ ಬಿದ್ದಿರಿ" ಎಂದೆ.

ಆ ಶುಕ್ರವಾರ ಅಲ್ ಕೂಜ್‌ನ ಒಂದು ಕಾರ್ಪೆಂಟ್ರಿ ಗೋದಾಮಿನಲ್ಲಿ ಸೇರಿದೆವು. ಸದಸ್ಯರೊಬ್ಬರದೇ ಗೋದಾಮು, ಅಂದು ರಜೆ. ಮರದ ಹೊಟ್ಟಿನ ವಾಸನೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಲವತ್ತು ಜನ. ಸತ್ವಾದ ಟೈಲರ್ ಹೊಲಿದುಕೊಟ್ಟ ಕಪ್ಪು ನಿಲುವಂಗಿ, ಬಿಳಿ ತಲೆವಸ್ತ್ರ ತೊಟ್ಟು ನಾನು ತಯಾರಾದೆ. ವಲೇರಿಯನ್ ಮುಖ ಬೆವರಿತ್ತು. ಎದೆ ಉಜ್ಜಿಕೊಳ್ಳುತ್ತಿದ್ದ.

"ಗ್ಯಾಸ್ ಮೇಡಂ. ತಿಂಡಿ ತಿನ್ಲಿಲ್ಲ. ಲವೀನಾ ಡ್ಯೂಟಿಗೆ ಹೋಗಿದ್ದಾಳೆ, ಇಲ್ಲದಿದ್ರೆ ಬೈತಿದ್ಲು." ಲವೀನಾ ಅವನ ಹೆಂಡತಿ, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್.

"ಆಗದಿದ್ರೆ ಬೇಡ" ಎಂದೆ. ಅಷ್ಟನ್ನು ನಾನು ಹೇಳಿದ್ದೆ. ಅವನು, "ಇಲ್ಲಾಂದ್ರೆ ನಿಮ್ಮ ಮೂರು ಪುಟ ವೇಸ್ಟ್ ಆಗ್ತದೆ" ಎಂದು ಹೆಲ್ಮೆಟ್ ಹಾಕಿಕೊಂಡ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಕಣ್ಣಿನ ಹತ್ತಿರ ಒಂದು ಸೀಳು ಮಾತ್ರ.

ಕಾಳಗ ಚೆನ್ನಾಗಿಯೇ ನಡೆಯಿತು. ಇರ್ಷಾದ್ ಕತ್ತಿ ಎತ್ತಿದ. ವಲೇರಿಯನ್ ಕೈಯಿಂದ ಮೊದಲು ಗುರಾಣಿ ಜಾರಿತು. ಮೊಣಕಾಲು ಮಡಚಿಕೊಂಡಿತು. ಆಮೇಲೆ ಇಡೀ ದೇಹ ಪಕ್ಕಕ್ಕೆ ವಾಲಿ ಬಿತ್ತು. ಜನ ಚಪ್ಪಾಳೆ ತಟ್ಟಿದರು. "ನನ್ನ ಕತ್ತಿ ತಾಗಲೇ ಇಲ್ಲ ಮೇಡಂ" ಎಂದು ಇರ್ಷಾದ್ ಆಮೇಲೆ ಎಷ್ಟು ಸಲ ಹೇಳಿದನೋ. ಆದರೆ ಆಗ ಅವನೂ ನನ್ನ ಹಾಗೆಯೇ ಅಂದುಕೊಂಡಿದ್ದ, ಇವನು ಕೊಟ್ಟ ಮಾತು ಉಳಿಸಿಕೊಂಡ ಅಂತ. ನನಗಂತೂ ಕಣ್ಣು ತುಂಬಿ ಬಂತು. ಎಷ್ಟು ಬ್ಯೂಟಿಫುಲ್ ಆಗಿ ಬಿದ್ದ ನೋಡು ಅಂದುಕೊಂಡೇ ಮೊದಲ ಪುಟ ತೆಗೆದೆ.

ಎರಡನೇ ಪುಟದ ನಡುವೆ ಹೆಲ್ಮೆಟ್ಟಿನೊಳಗಿಂದ ಗೊರಕೆಯ ಸದ್ದು ಬಂತು. ದೊಡ್ಡದಾಗಿ, ಬಿಟ್ಟು ಬಿಟ್ಟು. ಜನ ನಕ್ಕರು. ಮುಂದಿನ ಸಾಲಿನಲ್ಲಿ ಯಾರೋ, "ಹಿ ಈಸ್ ಬೋರ್ಡ್ ಟು ಡೆತ್" ಎಂದರು, ಇನ್ನಷ್ಟು ನಗು. ಇರ್ಷಾದ್ ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿದ. ನಾನು ನಿಲ್ಲಿಸಿದ್ದರೆ ಅವನು ಹೋಗಿ ನೋಡುತ್ತಿದ್ದ.

ನಾನು ನಿಲ್ಲಿಸಲಿಲ್ಲ. ಹನ್ನೊಂದು ವರ್ಷದವಳಿದ್ದಾಗ ಸ್ಕೂಲ್ ಡೇ ದಿನ ಪದ್ಯ ಹೇಳುತ್ತಿದ್ದಾಗ ಪರದೆ ಕಳಚಿ ನನ್ನ ತಲೆಯ ಮೇಲೆ ಬಿದ್ದಿತ್ತು. ನಾನು ಅದರೊಳಗಿಂದಲೇ ಪೂರ್ತಿ ಹೇಳಿ ಮುಗಿಸಿದ್ದೆ. ಎಲೊಕ್ಯೂಶನ್ ಕಲಿಸಿದ ಸಿಸ್ಟರ್ ಆಗ್ನೆಸ್ ಎಲ್ಲರೆದುರು ಬೆನ್ನು ತಟ್ಟಿದ್ದರು. "ಸೂರು ಕುಸಿದರೂ ನಡುವೆ ನಿಲ್ಲಿಸಬಾರದು, ಚೈಲ್ಡ್" ಎಂಬುದು ಅವರ ಮಾತು. ಐವತ್ತೇಳು ವರ್ಷ ಅದನ್ನೇ ಹೆಮ್ಮೆಯಿಂದ ಪಾಲಿಸಿಕೊಂಡು ಬಂದವಳು ನಾನು. ಈ ಪುಂಡ ಬೇಕೆಂತಲೇ ನನ್ನ ಓದನ್ನು ಕೆಡಿಸುತ್ತಿದ್ದಾನೆ ಎಂದು ಸಿಟ್ಟಾಗಿ, ಮೂರನೇ ಪುಟವನ್ನು ಇನ್ನೂ ನಿಧಾನವಾಗಿ ಓದಿದೆ. ಅರ್ಧಕ್ಕೆ ಬರುವಾಗ ಗೊರಕೆ ನಿಂತಿತು. ಕೊನೆಗೂ ನಾಚಿಕೆಯಾಯಿತು ಇವನಿಗೆ ಅಂದುಕೊಂಡೆ.

ಓದಿ ಮುಗಿಸಿ ಗಂಟೆ ಬಾರಿಸಿದೆ. ಏಳಲಿಲ್ಲ. ಜನ ಮತ್ತೆ ನಕ್ಕರು. ಇನ್ನೊಮ್ಮೆ ಬಾರಿಸಿದೆ. ಇರ್ಷಾದ್ ಹೋಗಿ ಹೆಲ್ಮೆಟ್ ತೆಗೆದ. ಆ ಮುಖದ ಬಣ್ಣ ನಾನು ಬರೆಯುವುದಿಲ್ಲ.

ಮಾರ್ಟಿನ್ ಎದೆ ಒತ್ತತೊಡಗಿದ. ಆ್ಯಂಬುಲೆನ್ಸ್ ಬೇಗನೇ ಬಂತು. ಅದರಲ್ಲಿ ಬಂದವನು, ಎಷ್ಟು ಹೊತ್ತಾಯಿತು ಬಿದ್ದು, ಎಂದು ಇಂಗ್ಲಿಷಿನಲ್ಲಿ ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. "ಟೂ ಮಿನಿಟ್ಸ್" ಎಂದೆ. "ನಾಟ್ ಮೋರ್."

ಆಸ್ಪತ್ರೆಯ ಕಾರಿಡಾರಿನಲ್ಲಿ ಅದೇ ನಿಲುವಂಗಿಯಲ್ಲಿ ಕೂತಿದ್ದೆ. ಫಿಲಿಪೀನ್ಸಿನ ಒಬ್ಬ ಹೆಂಗಸು ಬಂದು ನನ್ನ ಕೈ ಹಿಡಿದು, ಸಿಸ್ಟರ್, ನನ್ನ ಗಂಡನಿಗಾಗಿ ಪ್ರೇಯರ್ ಮಾಡಿ ಎಂದಳು. ನಾನು ಸಿಸ್ಟರ್ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಮಾಡಿದೆ. ಲವೀನಾ ಡ್ಯೂಟಿ ಯೂನಿಫಾರ್ಮಿನಲ್ಲೇ ಅಬುಧಾಬಿಯಿಂದ ಟ್ಯಾಕ್ಸಿಯಲ್ಲಿ ಬಂದಳು. ಅಷ್ಟರಲ್ಲಿ ಡಾಕ್ಟರ್ ಹೇಳಿಯಾಗಿತ್ತು. ಒಳಗೆ ಹೋಗಿ ನೋಡಿ, ಹೊರಗೆ ಬಂದು, ನನ್ನ ಪಕ್ಕ ಕೂತಳು.

"ಎಷ್ಟು ಹೊತ್ತು ಬಿದ್ದಿದ್ರು ಮೇಡಂ?"

"ಎರಡು ನಿಮಿಷಮ್ಮ. ಅಷ್ಟೇ."

ಅವಳು ನನ್ನ ಮುಖ ನೋಡಿ ತಲೆಯಾಡಿಸಿದಳು.

ಅವಳು ಶವದ ಪೆಟ್ಟಿಗೆಯ ಜೊತೆ ಊರಿಗೆ ಹೋದಳು. ನಾನು ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅಡುಗೆಮನೆಯ ಗಡಿಯಾರದ ಕೆಳಗೆ ನಿಂತು ಆ ಮೂರು ಪುಟವನ್ನು ಮತ್ತೆ ಗಟ್ಟಿಯಾಗಿ ಓದಿದೆ. ಆರು ನಿಮಿಷದ ಮೇಲೆ ಸ್ವಲ್ಪ. ಮತ್ತೊಮ್ಮೆ ಬೇಗ ಬೇಗ ಓದಿದೆ. ಎರಡು ನಿಮಿಷ ಆಗಲೇ ಇಲ್ಲ, ಹೇಗೆ ಓದಿದರೂ ಆಗಲಿಲ್ಲ. ಆ ಸಂಜೆ ಮಗಳಿಗೆ ಹೇಳಿದೆ. ಅವಳು ತಬ್ಬಿಕೊಂಡು, "ಅಮ್ಮಾ, ಯು ಡಿಡಂಟ್ ನೋ. ಆಕೆಗೆ ಹೇಳಿದ್ರೆ ಇನ್ನೂ ನೋವಾಗತ್ತೆ. ಲೆಟ್ ಇಟ್ ಗೋ" ಎಂದಳು. ಒಳ್ಳೆಯ ಮಾತೇ. ಆದರೆ ಸ್ನಾನ ಮಾಡುವಾಗ, ಅನ್ನ ಬಸಿಯುವಾಗ, ಯಾರಾದರೂ ಟೈಮ್ ಎಷ್ಟು ಎಂದು ಕೇಳಿದಾಗ, ಎರಡು ನಿಮಿಷ ಅಂದ ನನ್ನ ದನಿಯೇ ನನಗೆ ಕೇಳಿಸುತ್ತಿತ್ತು.

ಲವೀನಾ ಮಾರ್ಚಿನಲ್ಲಿ ಕೆಲಸಕ್ಕೆ ವಾಪಸು ಬಂದಳೆಂದು ಗೊತ್ತಾಯಿತು. ಅಬುಧಾಬಿ ಬಸ್ಸು ಹಿಡಿದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಮುಸಫ್ಫಾದ ಅವಳ ಫ್ಲ್ಯಾಟಿಗೆ ಹೋದೆ. ಒಂದು ರೂಮು, ಅಡುಗೆಮನೆ ಇನ್ನೊಂದು ಫ್ಯಾಮಿಲಿ ಜೊತೆ ಶೇರಿಂಗ್. ಆ ಕಬ್ಬಿಣದ ಅಂಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಎಡತೋಳಿನ ಹೆಣಿಗೆ ಮೊಣಕೈವರೆಗೆ ಬಂದು ನಿಂತಿತ್ತು.

ಚಹಾ ತಂದಿಟ್ಟಳು. ನಾನು ಮುಟ್ಟಲಿಲ್ಲ. "ಲವೀನಾ, ಎರಡು ನಿಮಿಷ ಅಲ್ಲ. ನಾನು ಸುಳ್ಳು ಹೇಳಿದೆ. ನಾನು ಮೂರು ಪುಟ ಪೂರ್ತಿ ಓದಿದೆ. ಅವರು ಗೊರಕೆ ಹೊಡೆದ ಹಾಗೆ ಕೇಳಿಸ್ತು, ಆದ್ರೂ ಓದಿದೆ."

ಅವಳು ಚಹಾದ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ, "ಆರು ನಿಮಿಷ ಇಪ್ಪತ್ತು ಸೆಕೆಂಡ್" ಎಂದಳು. "ಯಾರೋ ವೀಡಿಯೋ ಕಳಿಸಿದ್ರು ನನಗೆ, ಮರುದಿನವೇ. ಅದು ಗೊರಕೆ ಅಲ್ಲ ಮೇಡಂ, ಹಾರ್ಟ್ ನಿಂತವರ ಉಸಿರು. ನರ್ಸ್‌ಗಳಿಗೆ ಆ ಸೌಂಡ್ ಗೊತ್ತಾಗ್ತದೆ."

"ಗೊತ್ತಿದ್ದೂ ನೀನು ನನ್ನ ಕೇಳ್ಲಿಲ್ಲ."

"ನಿಮ್ಮ ಆಟದಲ್ಲಿ ಪೆಟ್ಟು ತಾಗಿದ್ದನ್ನು ಬೇರೆಯವರು ಹೇಳ್ಲಿಕ್ಕೆ ಇಲ್ಲ ಅಂತೆ ಅಲ್ವಾ? ಇವರು ಯಾವಾಗ್ಲೂ ಹೇಳ್ತಿದ್ರು." ಅಂಗಿಯ ತೋಳನ್ನು ಮುಟ್ಟಿದಳು. "ಅದಕ್ಕೇ ಕಾದೆ. ಬರ್ತಾರೋ ಇಲ್ವೋ ಅಂತ."

"ನಾನು ನಿಲ್ಲಿಸಿದ್ರೆ ಉಳೀತಿದ್ರಾ?"

"ಗೊತ್ತಿಲ್ಲ. ಉಳಿಯದೆಯೂ ಇರಬಹುದು. ಉಳೀತಿರಲೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ." ನನ್ನ ಬ್ಯಾಗಿನ ಕಡೆ ನೋಡಿ ಕೇಳಿದಳು. "ಆ ಪುಟ ತಂದಿದ್ದೀರಾ?"

ಹ್ಯಾಂಡ್‌ಬ್ಯಾಗಿನಲ್ಲೇ ಇತ್ತು.

"ಓದಿ. ವೀಡಿಯೋದಲ್ಲಿ ಜನ ನಗಾಡೋದೇ ಕೇಳ್ತದೆ. ನೀವು ಓದೋದು ಅಂದ್ರೆ ಇವರಿಗೆ ಪ್ರಾಣ. ಮನೆಗೆ ಬಂದು ನನಗೆ ಇಡೀ ಕತೆ ಹೇಳ್ತಿದ್ರು, ಅರ್ಧ ತಪ್ಪು ತಪ್ಪು."

ಓದಿದೆ. ಅವಳು ಅಂಗಿಯನ್ನು ಮಡಿಲಿಗೆ ಎಳೆದುಕೊಂಡು ಕೇಳುತ್ತಿದ್ದಳು. ಮೊದಲ ಪುಟ ಮುಗಿಯಿತು. ಎರಡನೆಯದರ ನಡುವೆ, ಅಂದು ಗೊರಕೆ ಕೇಳಿಸಿದ ಅದೇ ಸಾಲಿಗೆ ಬಂದಾಗ, ನನ್ನ ದನಿ ನಿಂತಿತು. ಬೇಕಾದರೆ ಮುಂದೆ ಓದಬಹುದಿತ್ತು, ಕಣ್ಣಿಗೆ ಅಕ್ಷರ ಕಾಣುತ್ತಿತ್ತು. ಓದಲಿಲ್ಲ. ಕಾಗದ ಮಡಿಚಿದೆ. ಬುದ್ಧಿ ಬಂದಾಗಿನಿಂದ ನಾನು ನಡುವೆ ನಿಲ್ಲಿಸಿದ್ದು ಅದೇ ಮೊದಲು. ಲವೀನಾ ಮುಂದೆ ಓದಿ ಎನ್ನಲಿಲ್ಲ. ಆರಿಹೋದ ಚಹಾದ ಲೋಟ ಎತ್ತಿಕೊಂಡು ಬಿಸಿ ಮಾಡಲು ಹೋದಳು.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಟ್ಯಾಕ್ಸಿಯವರೆಗೆ ಬಂದು, ಬಾಗಿಲು ಹಾಕುವ ಮೊದಲು ನನ್ನ ಸೀರೆಯ ಸೆರಗನ್ನು ಒಳಗೆ ಸೇರಿಸಿದಳು. ಮುಂದಿನ ವರ್ಷ ಅವಳು ಊರಿಗೇ ಹೊರಟುಹೋದಳು.

ಆ ಕಾಳಗದ ಆಟ ಅಲ್ಲಿಗೇ ಮುಗಿಯಿತು. ಪುಸ್ತಕದ ಗುಂಪು ಮಾತ್ರ ಸಣ್ಣದಾಗಿ ಉಳಿದುಕೊಂಡಿದೆ. ಈಗಲೂ ಓದುವವಳು ನಾನೇ. ಆದರೆ ಯಾರಾದರೂ ಕೆಮ್ಮಿದರೆ, ಯಾರದಾದರೂ ತಲೆ ವಾಲಿದರೆ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸಿಬಿಡುತ್ತೇನೆ. "ಆರ್ ಯು ಆಲ್‌ರೈಟ್?" ಎಂದು ಹೆಸರು ಹಿಡಿದು ಕೇಳುತ್ತೇನೆ. "ಹೀಗಾದ್ರೆ ಮೇಡಂ ಯಾವ ಕತೆಯನ್ನೂ ಮುಗಿಸೋದಿಲ್ಲ" ಎಂದು ಹೊಸಬರು ಗೊಣಗುತ್ತಾರೆ. ಇರ್ಷಾದ್ ಅವರಿಗೆ ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಾನೆ. ನಾನು ಬೆರಳನ್ನು ಅಲ್ಲೇ ಇಟ್ಟುಕೊಂಡು ಕಾಯುತ್ತೇನೆ. ಆ ಕಡೆಯಿಂದ ಉತ್ತರ ಬರುವವರೆಗೆ ಮುಂದೆ ಓದುವುದಿಲ್ಲ.