ಎಡತಿರುವಿನಲ್ಲಿ ನಿಂತ ಕಥೆ

ಕಾದ ಸೀಟಿನ ವಾಸನೆ, ಅದರೊಳಗೆ ಎಂದೋ ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ. ಕಳೆದ ಆಗಸ್ಟಿನಲ್ಲಿ ಮೆಕಿನ್ನಿಯ ಮನೆಯ ಗರಾಜಿನಲ್ಲಿ ಸೋದರತ್ತೆಯ ಹಳೆಯ ಕಾರಿನ ಬಾಗಿಲು ತೆಗೆದಾಗ ಮೊದಲು ನನ್ನನ್ನು ಮುಟ್ಟಿದ್ದು ಇದೇ. ಕಾರು ಓಡದೆ ಎರಡು ವರ್ಷವಾಗಿತ್ತು. ಆದರೂ ವಾಸನೆ ಎಲ್ಲಿಗೂ ಹೋಗಿರಲಿಲ್ಲ. ನಾನು ಡ್ರೈವರ್ ಸೀಟಿನಲ್ಲಿ ಕೂರಲಿಲ್ಲ. ಹಿಂದಿನ ಸೀಟಿನ ಬಲಗಡೆ, ಹನ್ನೊಂದು ವರ್ಷದವಳಾಗಿದ್ದಾಗ ಕೂರುತ್ತಿದ್ದಲ್ಲೇ ಹೋಗಿ ಕೂತೆ. ಮೊಣಕಾಲು ಮುಂದಿನ ಸೀಟಿಗೆ ತಾಗಿತು.

ಶುಗರ್ ಲ್ಯಾಂಡಿನ ನಮ್ಮ ಇಟ್ಟಿಗೆ ಮನೆಯಲ್ಲಿ ಆಗ ನಾಲ್ಕು ಜನ. ಅಪ್ಪ, ಅಮ್ಮ, ನಾನು, ಮತ್ತು ಅಪ್ಪನ ತಂಗಿ ವನಜತ್ತೆ. ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಅತ್ತೆ ಲೈಬ್ರರಿ ಸೈನ್ಸ್ ಓದಲೆಂದು ಈ ದೇಶಕ್ಕೆ ಬಂದು, ಓದು ಮುಗಿದ ಮೇಲೆ ಇಲ್ಲಿಯೇ ಕೆಲಸಕ್ಕೆ ಸೇರಿದ್ದಳು. ಮಹಡಿಯ ಮೇಲಿನ ಪಶ್ಚಿಮದ ಕೋಣೆ ಅವಳದು. ಸಂಜೆಯ ಬಿಸಿಲು ಆ ಕೋಣೆಯ ಕಾರ್ಪೆಟ್ಟನ್ನು ಕಿಟಕಿಯ ಆಕಾರಕ್ಕೇ ಬಿಳಿಚಿಸಿಬಿಟ್ಟಿತ್ತು. ಆ ಚೌಕದಲ್ಲಿ ಕೂತು ಅವಳು ಹುರುಳಿಕಾಯಿ ಸೋಸುತ್ತಿದ್ದಳು, ನಾನು ಅವಳ ಬೆನ್ನಿಗೆ ಒರಗಿ ಹೋಂವರ್ಕ್ ಮಾಡುತ್ತಿದ್ದೆ. ಈಗ ಆ ಮನೆ ಬೇರೆಯವರದು. ಅಪ್ಪ ಅಮ್ಮ ಆಸ್ಟಿನ್‌ನಲ್ಲಿ ನನ್ನ ಹತ್ತಿರವೇ ಇದ್ದಾರೆ. ಮನೆ ಕೊಂಡವರು ಮೊದಲು ಕಿತ್ತುಹಾಕಿದ್ದು ಮಹಡಿಯ ಕಾರ್ಪೆಟ್ಟನ್ನು ಎಂದು ಕೇಳಿದೆ.

ಮಂಗಳವಾರ ಮತ್ತು ಗುರುವಾರ ಅತ್ತೆ ನನ್ನನ್ನು ಸ್ಟಾಫರ್ಡಿಗೆ ನೃತ್ಯದ ಕ್ಲಾಸಿಗೆ ಕರೆದೊಯ್ಯುತ್ತಿದ್ದಳು. ಅವಳು ಡ್ರೈವಿಂಗ್ ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಬಹಳ ಹೆದರಿ. ಫ್ರೀವೇ ಹತ್ತುತ್ತಿರಲಿಲ್ಲ. ಎದುರಿನಿಂದ ಬರುವ ಕಾರುಗಳ ಸಾಲನ್ನು ದಾಟಿ ಎಡಕ್ಕೆ ತಿರುಗುವುದೆಂದರೆ ಪ್ರಾಣಸಂಕಟ. "ನಿಮ್ಮತ್ತೆ ಒಂದು ಲೆಫ್ಟ್ ತಪ್ಪಿಸೋಕೆ ಮೂರು ರೈಟ್ ತಗೊಂಡು ಊರೆಲ್ಲಾ ಪ್ರದಕ್ಷಿಣೆ ಹಾಕ್ತಾಳೆ" ಎಂದು ಅಮ್ಮ ನಗುತ್ತಿದ್ದಳು. ಆ ಸುತ್ತುದಾರಿಯಲ್ಲೇ ಅವಳು ನನಗೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಕನ್ನಡದಲ್ಲಿ ಹೇಳಿದ್ದು. ವಿಕ್ಟೋರಿಯಾ ರಾಣಿಯ ಕಾಲದ್ದು, ಕಾಲೇಜಿನಲ್ಲಿ ಹದಿಮೂರು ವರ್ಷ ಪಾಠ ಮಾಡಿದ್ದ ಪುಸ್ತಕ, ಅವಳಿಗೆ ಬಾಯಿಪಾಠವಾಗಿತ್ತು. ಪಾತ್ರಗಳ ಹೆಸರು ಹೇಳುತ್ತಿರಲಿಲ್ಲ. ದೊಡ್ಡ ಮನೆಯ ಗಡಿಯಾರಗಳಿಗೆ ವಾರಕ್ಕೊಮ್ಮೆ ಕೀಲಿ ಕೊಡಲು ಬರುವವನು 'ಗಡಿಯಾರದವನು'. ಅವನು ಪ್ರೀತಿಸಿದ್ದು ಆ ಮನೆಯ 'ಮಗಳು'. ಅವನು ಬರೆದ ಮೂರು ಕಾಗದಗಳನ್ನೂ ಮಗಳು ಒಡೆಯದೆ ಹಿಂದಕ್ಕೆ ಕಳಿಸಿದಳು, ಬೇರೊಬ್ಬನನ್ನು ಮದುವೆಯಾದಳು.

ಪ್ರತಿಸಲ ಕಾರು ಹೊರಟ ಕೂಡಲೇ ಕೇಳುತ್ತಿದ್ದಳು: "ಎಲ್ಲಿಗೆ ನಿಲ್ಲಿಸಿದ್ವಿ ಪುಟ್ಟಿ?" ನಾನು ಇಂಗ್ಲಿಷಿನಲ್ಲಿ ಚುಟುಕಾಗಿ ಹೇಳುತ್ತಿದ್ದೆ, "ಶಿ ಸೆಡ್ ನೋ." "ಹ್ಞಾಂ, ಸರಿ" ಎಂದು ಮುಂದುವರಿಸುತ್ತಿದ್ದಳು. ತಪ್ಪಿಸಲಾಗದ ಎಡತಿರುವು ಒಂದಿತ್ತು. ಅಲ್ಲಿ ಕಥೆ ಯಾವ ಘಟ್ಟದಲ್ಲಿದ್ದರೂ ನಿಲ್ಲುತ್ತಿತ್ತು. "ತಡಿ, ಲೆಫ್ಟ್ ಮಾಡ್ಕೊಂಡ್ಬಿಡ್ತೀನಿ, ಅಲ್ಲೀವರ್ಗೂ ಅವನು ಬಾಗಿಲಲ್ಲೇ ನಿಂತಿರ್ಲಿ." ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು. ನನ್ನ ಮಟ್ಟಿಗೆ ಅದು ಆ ದೊಡ್ಡ ಮನೆಯ ಗಡಿಯಾರದ ಸದ್ದೇ.

ಇಪ್ಪತ್ತು ವರ್ಷ ಕಳೆಯಿತು, ಕಥೆಯಲ್ಲಿ. ಗಡಿಯಾರದವನು ದೊಡ್ಡ ಮನುಷ್ಯನಾದ. ವಿಧವೆಯಾದ ಮಗಳ ಒಬ್ಬನೇ ಹುಡುಗ ಮಾಡದ ತಪ್ಪಿಗೆ ಜೈಲಿನಲ್ಲಿದ್ದ. ಅವನನ್ನು ಬಿಡಿಸುವ ಸಾಕ್ಷಿ ಗಡಿಯಾರದವನೊಬ್ಬನಲ್ಲೇ ಇತ್ತು. ಅವಳು ಅವನಿಗೆ ಕಾಗದ ಬರೆದಳು. ಅವನು ಅಕ್ಷರ ಗುರುತಿಸಿದ, ಒಡೆಯದೆ ಹಿಂದಕ್ಕೆ ಕಳಿಸಿದ. ಅಷ್ಟು ಹೇಳುವ ಹೊತ್ತಿಗೆ ನಮ್ಮ ಮನೆ ಬಂತು. "ಡಸ್ ಹಿ ಎವರ್ ಓಪನ್ ಇಟ್?" ಎಂದು ಕೇಳಿದೆ. "ಮಂಗಳವಾರ" ಎಂದಳು.

ಆ ಮಂಗಳವಾರ ಬರಲೇ ಇಲ್ಲ. ಭಾನುವಾರ ಧಾರವಾಡದ ಕಡೆಯ ಪ್ರಹ್ಲಾದ ಅಂಕಲ್ ಮನೆಗೆ ಬಂದರು. ಹೆಂಡತಿ ತೀರಿಕೊಂಡಿದ್ದ, ಐದು ಗಂಟೆ ದಾರಿಯ ಮೆಕಿನ್ನಿಯಲ್ಲಿ ಒಬ್ಬರೇ ಇದ್ದ, ಮೆತ್ತಗೆ ಮಾತಾಡುವ ಮನುಷ್ಯ. ಊಟವಾದ ಮೇಲೆ ಅತ್ತೆಯನ್ನು ಮದುವೆಯಾಗುವ ವಿಷಯ ಹೇಳಿದರು. ಮನೆಯಲ್ಲಿ ನನ್ನೊಬ್ಬಳಿಗೆ ಮಾತ್ರ ಅದು ಹೊಸದು. ಮಹಡಿಯ ಬಿಸಿಲಿನ ಚೌಕದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡಳು. "ನಂಗೂ ಒಂದು ಮನೆ ಬೇಡ್ವಾ ಪುಟ್ಟಿ?" ನಾನು ಕೈ ಎಳೆದುಕೊಂಡೆ. "ಯು ಹ್ಯಾವ್ ಎ ಹೌಸ್. ದಿಸ್ ಒನ್." ಅವಳ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ. ನೋಡಿದೆ ಎಂದು ಈಗ ಬರೆದರೆ ಸುಳ್ಳಾಗುತ್ತದೆ.

ಆ ಮಂಗಳವಾರದಿಂದ ನಾನು ಅವಳ ಕಾರು ಹತ್ತಲಿಲ್ಲ, ಕ್ಲಾಸಿಗೆ ಅಮ್ಮನ ಜೊತೆ ಹೋದೆ. ಮದುವೆಯಾಗಿ ಹೋದ ಮೇಲೆ ಅವಳು ಪ್ರತಿ ಭಾನುವಾರ ಫೋನ್ ಮಾಡಿದಳು. ನಾನು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಐದೋ ಆರೋ ವಾರದ ಬಳಿಕ ನನ್ನ ಹೆಸರಿಗೆ ಒಂದು ದಪ್ಪ ಲಕೋಟೆ ಬಂತು. ಒತ್ತಿ ನೋಡಿದೆ, ಕ್ಯಾಸೆಟ್. ಕಥೆಯ ಕೊನೆ ಎಂದು ತಕ್ಷಣ ತಿಳಿಯಿತು. ಮನೆಯಲ್ಲಿ ಯಾರೂ ಇರಲಿಲ್ಲ. ವಿಳಾಸದ ಮೇಲೆ ಗೀಟು ಹಾಕಿ, ಅಮ್ಮನ ಕಪ್ಪು ಮಾರ್ಕರಿನಿಂದ 'ರಿಟರ್ನ್ ಟು ಸೆಂಡರ್' ಎಂದು ಬರೆದೆ. ಅಕ್ಷರಗಳು ದುಂಡಗೆ ಬರಲಿ ಎಂದು ನಿಧಾನವಾಗಿ ಬರೆದದ್ದು ನೆನಪಿದೆ. ಮೇಲ್‌ಬಾಕ್ಸಿನಲ್ಲಿಟ್ಟು, ಅಂಚೆಯವನು ಒಯ್ಯಲೆಂದು ಅದರ ಕೆಂಪು ಬಾವುಟ ಎತ್ತಿದೆ. ಹೇಗೆ ನೋಯಿಸಬೇಕೆಂಬುದನ್ನು ನನಗೆ ಕಲಿಸಿದವಳು ಅವಳೇ, ಅಷ್ಟು ಚೆನ್ನಾಗಿ ಕಥೆ ಹೇಳಿ.

ಆಮೇಲೆ ನಾವು ಭೇಟಿಯಾಗದೆ ಇರಲಿಲ್ಲ. ಗೌರಿ ಹಬ್ಬಕ್ಕೆ ಅವಳು ಬರುತ್ತಿದ್ದಳು, ದೀಪಾವಳಿಗೆ ನಾವು ಹೋಗುತ್ತಿದ್ದೆವು. ತಟ್ಟೆಗೆ ಒಂದು ಕಡುಬು ಹೆಚ್ಚಿಗೆ ಬಡಿಸುತ್ತಿದ್ದಳು, ಓದು ಹೇಗಿದೆ ಎಂದು ವಿಚಾರಿಸುತ್ತಿದ್ದಳು. ಲಕೋಟೆಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಸ್ಟಿನ್‌ನಲ್ಲಿ ಓದುವಾಗ ಒಂದು ಕೋರ್ಸಿನ ಪಟ್ಟಿಯಲ್ಲಿ ಆ ಕಾದಂಬರಿಯ ಹೆಸರು ಕಂಡಿತು. ಕೋರ್ಸನ್ನೇ ಬಿಟ್ಟೆ.

ಕಳೆದ ವರ್ಷ, ಎರಡು ವರ್ಷದ ಕಾಯಿಲೆಯ ನಂತರ, ಅತ್ತೆ ಹೋದಳು. ಹದಿಮೂರನೆಯ ದಿನ ಊಟವೆಲ್ಲ ಮುಗಿದು ನೆಂಟರು ಕಾರು ಹತ್ತಿದ ಮೇಲೆ ಅಂಕಲ್ ನನ್ನನ್ನು ಒಳಗೆ ಕರೆದರು. ಅವರ ಕೈಯಲ್ಲಿ ಆ ಲಕೋಟೆ ಇತ್ತು. ಮಾರ್ಕರಿನ ಕಪ್ಪು ಕಂದಿತ್ತು, ಅಂಟು ಹಾಗೇ ಇತ್ತು.

"ಇದು ನಿಂದ ಅದ ನೋಡವಾ."

"ನಾನೇ ವಾಪಸ್ ಕಳಿಸಿದ್ದು ಅಂಕಲ್."

"ಗೊತ್ತದ. ಎಷ್ಟೋ ಸಲ ಹೇಳಿದೆ, ಮತ್ತ ಕಳಿಸು, ಸಣ್ಣ ಹುಡುಗಿ ಅದ, ಅಂತ. ಇಲ್ಲ, ಆಕಿ ತಾನಾಗೇ ಕೇಳ್ಲಿ, ಅಂದ್ಲು. ಕಪಾಟಿನ್ಯಾಗ ಇಟ್ಲು. ಭಾಳ ಹಟದಾಕಿ."

ಅದು ಹಟವೋ, ನನಗೆ ಕೊಟ್ಟ ಉತ್ತರವೋ, ಬರೀ ಸಂಕೋಚವೋ, ಹೇಳಲಾರೆ. ಕೇಳಲು ನನಗೆ ಇಪ್ಪತ್ತೈದು ವರ್ಷ ಸಮಯವಿತ್ತು ಎಂಬುದಷ್ಟೇ ಖಂಡಿತ.

ಕ್ಯಾಸೆಟ್ ಹಾಕಲು ಆ ಮನೆಯಲ್ಲಿ ಉಳಿದಿದ್ದ ಯಂತ್ರ ಗರಾಜಿನಲ್ಲಿದ್ದ ಅತ್ತೆಯ ಕಾರಿನದೊಂದೇ. ಅಂಕಲ್ ತಮ್ಮ ಕಾರಿನಿಂದ ವೈರು ಹಚ್ಚಿ ಬ್ಯಾಟರಿಗೆ ಜೀವ ಕೊಟ್ಟು, ಗರಾಜಿನ ಬಾಗಿಲು ಪೂರ್ತಿ ಎತ್ತಿ, ಒಳಗೆ ಹೋದರು. ಲಕೋಟೆ ಒಡೆದೆ. ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ಕ್ಯಾಸೆಟ್ ತೂರಿಸಿದೆ. ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ಟಿಕ್ ಟಿಕ್. ಇದೇ ಕಾರಿನಲ್ಲಿ ಕೂತು, ಇಂಡಿಕೇಟರ್ ಹಾಕಿಕೊಂಡು, ಅವಳು ರೆಕಾರ್ಡ್ ಮಾಡಿದ್ದಳು.

"ಎಲ್ಲಿಗೆ ನಿಲ್ಲಿಸಿದ್ವಿ ಪುಟ್ಟಿ?"

ಮತ್ತೆ ಟಿಕ್ ಟಿಕ್. ನನ್ನ ಉತ್ತರಕ್ಕೆ ಅವಳು ಜಾಗ ಬಿಟ್ಟಿದ್ದಳು. ನಾನು ಕನ್ನಡದಲ್ಲಿ ಶುರುಮಾಡಿದೆ, ಅವನಿಗೆ ಕಾಗದ ಬಂತು, ಅಕ್ಷರ ಗುರುತು ಸಿಕ್ಕಿತು, ಆದರೆ ಅವನು... ನಾನು ಮುಗಿಸುವ ಮೊದಲೇ "ಹ್ಞಾಂ, ಸರಿ" ಎಂದು ಅವಳು ಮುಂದೆ ಹೋದಳು. ಅವಳು ಬಿಟ್ಟಿದ್ದು ಹನ್ನೊಂದು ವರ್ಷದವಳ ಚುಟುಕು ಇಂಗ್ಲಿಷಿಗೆ ಸಾಕಾಗುವಷ್ಟು ಜಾಗ. ಕಥೆಯನ್ನು ಕೊನೆಯವರೆಗೂ ಕೇಳಿದೆ. ಗಡಿಯಾರದವನು ಮತ್ತೆ ತನ್ನ ಕೈಗೆ ಬಂದ ಆ ಕಾಗದ ಒಡೆಯುತ್ತಾನೆ, ಬರೆದವಳನ್ನು ಮಣ್ಣು ಮಾಡಿದ ಮೇಲೆ.

ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿದೆ. ಎರಡನೆಯ ಸಲವೂ ತಡವಾಯಿತು. ಮೂರನೆಯ ಸಲ ಅವಳು ಕೇಳಿ ಮುಗಿಸುತ್ತಿದ್ದಂತೆಯೇ ಹೇಳಿದೆ.

"ಒಡೀಲಿಲ್ಲ ಅತ್ತೆ."

ಒಂದು ಟಿಕ್ ಉಳಿದಿತ್ತು.

"ಹ್ಞಾಂ, ಸರಿ" ಎಂದಳು.