ಒರಾಜ್‌ಬೆಕ್‌ನ ನಿಧಾನ

ನಮ್ಮ ಕರಗಾಂಡ ಊರಿನ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಸ್ಥಾವರದ ಎಂಜಿನಿಯರ್ ಒರಾಜ್‌ಬೆಕ್‌ನನ್ನು ಚಹಾಕ್ಕೆ ಹಾಲು ಬೇಕೇ ಎಂದು ಕೇಳಿದರೆ, ಉತ್ತರ ಬರುವಷ್ಟರಲ್ಲಿ ಆ ಚಹಾವನ್ನು ನಾನೇ ಕುಡಿದು ಮುಗಿಸಿರುತ್ತೇನೆ. ಅವನ ಸ್ಥಾವರದ ಬಾಯ್ಲರಿನಲ್ಲಿ ಒತ್ತಡ ತಿದ್ದಿದರೆ ಶಾಖ ಕೆಡುತ್ತದೆ, ಶಾಖ ತಿದ್ದಿದರೆ ಒತ್ತಡ ಹಾರುತ್ತದೆ. ಇವೆರಡನ್ನು ತಿದ್ದುವ ಎರಡೂ ನಿಯಂತ್ರಕಗಳು ಸಮಾನ ಚುರುಕಿನವಾದರೆ ಒಂದನ್ನೊಂದು ಕೆಣಕಿ ಹುಚ್ಚೆದ್ದು ಕುಣಿಯುತ್ತವೆ. “ಒಂದನ್ನ ಮಂದ ಮಾಡ್ಬೇಕು ಮಾರಾಯಾ,” ಎನ್ನುವುದು ಅವನ ಮಂತ್ರ. ಮನೆಯಲ್ಲಿ ಹೆಂಡತಿ ಕರ್ಲಿಗಾಶ್ ಸಿಡಿಯುತ್ತಾಳೆ: “ರೀ, ಬಾಯಲ್ಲೇನು ಕುದುರೆಮಾಂಸ ಇಟ್ಕೊಂಡಿದೀರಾ? ನೀವು ಮಾತಾಡೋಷ್ಟ್ರಲ್ಲಿ ನನ್ ಸಿಟ್ಟೇ ಆರಿಹೋಯ್ತು!” ಅವನನ್ನು ಮಂಕನೆಂದೇ ನಂಬಿದ್ದ ಜಾಣ ನಾನು. ಮೊನ್ನೆ ಅವನ ಅತ್ತೆ ಗುಟ್ಟು ಬಿಟ್ಟುಕೊಟ್ಟರು: ಯೌವನದಲ್ಲಿ ಡೊಂಬ್ರದ ಎರಡು ತಂತಿ ಮೀಟುತ್ತ ಸವಾಲ್-ಜವಾಬ್ ಪದಕ್ಕೆ ಕೂತರೆ, ಎದುರಾಳಿ ಉಸಿರೆಳೆಯುವ ಮೊದಲೇ ಉತ್ತರ ಕಟ್ಟುತ್ತಿದ್ದನಂತೆ. ಮದುವೆಯಾದ ಹೊಸದರಲ್ಲಿ ಮಾತಿಗೆ ಮಾತು ಬೆಳೆದು ಕರ್ಲಿಗಾಶ್ ತವರು ಸೇರಿದಳಂತೆ. ಕರೆಯಲು ಹೋದವನು, ಅವಳು ಬೈದು ಬೈದು ದಣಿದು, ತಾನಾಗಿಯೇ ಅವನೊಂದಿಗೆ ಹೊರಡಲು ಬೂಟು ಹಾಕಿಕೊಳ್ಳುವವರೆಗೂ ಹೊಸ್ತಿಲಲ್ಲಿ ಬಾಯಿ ಬಿಡದೆ ನಿಂತಿದ್ದನಂತೆ.