ನೋಡ್ಕೋತೀವಿ ಅಂದಿದ್ದರು

ಮೊನ್ನೆ ಶನಿವಾರ ಕೋಡುಬಳೆ ಮಾಡೋಣವೆಂದು ಓಮದ ಪೊಟ್ಟಣ ಕತ್ತರಿಸಿದೆ. ಘಾಟು ಮೂಗಿಗೆ ಬಡಿಯುತ್ತಿದ್ದಂತೆ ಕತ್ತರಿ ಕೆಳಗಿಟ್ಟೆ. ಪೊಟ್ಟಣ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಗಂಡ ಬಂದು ಏನಾಯಿತೆಂದು ಕೇಳಿದರು. ಎಣ್ಣೆ ಸಿಡಿಯಿತು ಎಂದೆ. ಎಣ್ಣೆ ಇನ್ನೂ ಬಾಣಲೆಗೇ ಬಿದ್ದಿರಲಿಲ್ಲ.

ಹೆದರಿಕೆಗೆ ವಾಸನೆ ಎಂಬುದಿದ್ದರೆ ನನ್ನ ಪಾಲಿಗೆ ಅದು ಓಮದ್ದು. ಅದನ್ನು ನನಗೆ ಅಂಟಿಸಿದವರು ಟೀಚರಮ್ಮ.

ನನಗಾಗ ಹತ್ತೊಂಬತ್ತು. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಲಿವರ್‌ಮೋರ್‌ನಲ್ಲಿ ಅಪ್ಪ ಅಮ್ಮನ ಜೊತೆ ಇದ್ದೆ. ವಾರಕ್ಕೆರಡು ದಿನ ಕಾರು, ಟ್ರೇನು, ಶಟಲ್ ಬಸ್ಸು ಹಿಡಿದು ಎಮರಿವಿಲ್‌ನ ಎರಡು ಕೋಣೆಯ ಒಂದು ಆಫೀಸಿಗೆ ಹೋಗುತ್ತಿದ್ದೆ. ಬೇರೆಯವರ ಹಕ್ಕಿಗಾಗಿ ದನಿ ಎತ್ತಿ, ಅದೇ ಕಾರಣಕ್ಕೆ ತಮ್ಮ ಊರಿನಲ್ಲಿ ಉಳಿಯಲಾಗದೆ ಬಂದವರಿಗೆ ಅಲ್ಲಿ ವಕೀಲರನ್ನೂ ಇರಲು ಜಾಗವನ್ನೂ ಹೊಂದಿಸಿಕೊಡುತ್ತಿದ್ದರು. ಸ್ವಯಂಸೇವಕಿ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಮಾಡುತ್ತಿದ್ದದ್ದು ಮಾತ್ರ ಜೆರಾಕ್ಸು ಮತ್ತು ಕಾಫಿ. ಒಂದು ದಿನ ಅಲ್ಲಿನ ವಕೀಲೆ, ಕನ್ನಡ ಬಲ್ಲವರು ಯಾರಾದರೂ ಇದ್ದೀರಾ ಎಂದು ಕೇಳಿದಾಗ ಕೈ ಎತ್ತಿದೆ.

ನನ್ನ ಕನ್ನಡವೋ, ಊಟಕ್ಕೆ ಬಾ, ಪಾತ್ರೆ ತೊಳಿ ಎನ್ನುವಷ್ಟರದ್ದು. ಭಾನುವಾರದ ಕನ್ನಡ ಕ್ಲಾಸಿನ ದಯೆಯಿಂದ ಕೂಡಿಸಿಕೊಂಡು ಓದಲು ಬರುತ್ತಿತ್ತು. ವಿಷಯ ತಿಳಿದು ಅಮ್ಮ ನಕ್ಕರು. "ಹಾಲು ಉಕ್ತು ಅನ್ನೋಕೆ ಹಾಲು ಓಡ್ತು ಅಂತೀಯ. ನಿನ್ನ ನಂಬ್ಕೊಂಡ್ರೆ ಅವ್ರ ಗತಿ ಏನೇ?" ಅಪ್ಪ ನಗಲಿಲ್ಲ. "ಯಾವ ಪೇಪರ್‌ಗೂ ಸೈನ್ ಮಾತ್ರ ಹಾಕ್ಬೇಡ" ಎಂದರು.

ಆ ಕನ್ನಡ ಬೇಕಾಗಿದ್ದದ್ದು ಟೀಚರಮ್ಮನಿಗೆ. ಐವತ್ತು ದಾಟಿದವರು. ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆ ಟೀಚರು. ಶಾಲೆಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಹೋಗಿ ಒಂದು ಕಲ್ಲು ಕ್ವಾರಿ ತಲುಪಿದ್ದರು. ಅಲ್ಲಿ ಜೀತಕ್ಕಿದ್ದ ಸಂಸಾರಗಳ ಹೇಳಿಕೆಗಳನ್ನು ಶಾಲೆಯ ನೋಟ್‌ಬುಕ್ಕಿನಲ್ಲೇ ಬರೆದುಕೊಂಡು ಕೋರ್ಟಿನ ತನಕ ಒಯ್ದರು. ಅವರಿಗೆ ದಾರಿ ತೋರಿಸಿದ್ದ ಲಾರಿ ಕ್ಲೀನರ್ ಒಬ್ಬ ಕೆರೆಯಲ್ಲಿ ಹೆಣವಾಗಿ ಸಿಕ್ಕಿದ. ಆಗ ಯಾವುದೋ ಸಭೆಗೆಂದು ಈ ದೇಶಕ್ಕೆ ಬಂದಿದ್ದ ಟೀಚರಮ್ಮ ವಾಪಸ್ಸು ಹೋಗದೆ ಇಲ್ಲೇ ಆಶ್ರಯ ಕೇಳಿ ಅರ್ಜಿ ಹಾಕಿದರು. ಎಂಬತ್ತರ ತಾಯಿ ಅಲ್ಲೇ, ಶಾಲೆಯ ಹಿಂದಿನ ಬಾಡಿಗೆ ಮನೆಯಲ್ಲಿ ಉಳಿದುಬಿಟ್ಟಿದ್ದರು.

ಯಾರೋ ಕೊಟ್ಟ ದೊಗಳೆ ಜಾಕೆಟ್ಟಿನ ಜೇಬಿನಲ್ಲಿ ಟೀಚರಮ್ಮ ಒಂದು ಪುಟ್ಟ ಸ್ಟೀಲ್ ಡಬ್ಬಿ ಇಟ್ಟುಕೊಂಡಿರುತ್ತಿದ್ದರು. ಅದರಲ್ಲಿ ಓಮ, ಉಪ್ಪು. ಬಾಗಿಲು ಬಡಿದರೆ ಒಂದು ಚಿಟಿಕೆ, ಫೋನು ಬಂದರೆ ಒಂದು ಚಿಟಿಕೆ. ನನ್ನ ಅಂಗೈಗೂ ಹಾಕುತ್ತಿದ್ದರು. "ಹೆದ್ರಿಕೆ ಮೊದ್ಲು ಬರೋದು ಹೊಟ್ಟೆಗೆ ಕಣ್ ಮಗ. ಅಲ್ಲೇ ಹಿಡ್ಕಂಡ್ರೆ ಬಾಯಿಗೆ ಬರಾಕಿಲ್ಲ." ಅವರ ಹೆದರಿಕೆ ನೆಗಡಿಯ ಹಾಗೆ ನನಗೂ ಹತ್ತಿತು. ಬಸ್ಸಿನಲ್ಲಿ ಹಿಂದಿನ ಸೀಟಿನವರನ್ನು ತಿರುತಿರುಗಿ ನೋಡುತ್ತಿದ್ದೆ. ದೇವಸ್ಥಾನದಲ್ಲಿ ಯಾರಾದರೂ ಕನ್ನಡದ ಅಂಕಲ್ ಊರು ಯಾವುದಮ್ಮ ಎಂದು ಕೇಳಿದರೂ ಬೆವರುತ್ತಿದ್ದೆ...

ಅವರ ಫೋನಿಗೆ ಬಂದಿದ್ದ ಬೆದರಿಕೆಯ ಮೆಸೇಜುಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಹೆಚ್ಚಿನವು ಹೊಲಸು ಬೈಗುಳ. ಟೀಚರಮ್ಮ ನಾಚಿಕೊಳ್ಳದೆ ಅರ್ಥ ಹೇಳಿಕೊಟ್ಟರು. ಕೊನೆಯದೊಂದು ಮಾತ್ರ ಮರ್ಯಾದಸ್ಥರ ಮಾತಿನಂತಿತ್ತು. "ಟೀಚರಮ್ಮ, ನಿಮ್ ತಾಯೀನ ನಾವ್ ನೋಡ್ಕೋತೀವಿ. ನೀವೇನೂ ಯೋಚ್ನೆ ಮಾಡ್ಬೇಡಿ." ಅಷ್ಟು ಬೈಗುಳಗಳ ನಂತರ ಅದನ್ನು ಓದಿ ನನಗೆ ಹಾಯೆನಿಸಿತು. ಅಕ್ಕಪಕ್ಕದ ಒಳ್ಳೆಯ ಜನ ಇರಬೇಕು, ಪಾಪ, ಎಂದುಕೊಂಡೆ. ನಿಮ್ಮ ತಾಯಿಯ ಆರೈಕೆ ನಾವು ಮಾಡುತ್ತೇವೆ, ನಿಶ್ಚಿಂತೆಯಾಗಿರಿ ಎಂಬ ಅರ್ಥ ಬರುವಂತೆ ಅಕ್ಕರೆಯ ಇಂಗ್ಲಿಷು ಬರೆದೆ. ಟೀಚರಮ್ಮನನ್ನು ಒಂದು ಮಾತು ಕೇಳಬಹುದಿತ್ತು. ಇಷ್ಟು ಸುಲಭದ್ದನ್ನೂ ಕೇಳಬೇಕೇ ಎಂಬ ಜಂಬ. ಎರಡೂ ಭಾಷೆ ನನಗೆ ಚೆನ್ನಾಗಿ ಬರುತ್ತವೆ ಎಂಬ ಪ್ರಮಾಣಪತ್ರದ ಕೆಳಗೆ ಸೈನು ಹಾಕಿದೆ. ಕಾಗದಗಳು ಅವರ ಅರ್ಜಿಯ ಜೊತೆ ಹೋದವು.

ಗುರುವಾರ ಆ ಅರ್ಜಿಯ ಮೇಲೆ ಅವರ ಸಂದರ್ಶನವಿತ್ತು. ಸೋಮವಾರ ಸಂಜೆ ಅಮ್ಮ ಚಪಾತಿ ಲಟ್ಟಿಸುತ್ತಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ಮನೆಯ ಛಾವಣಿ ಅರ್ಧ ಕಿತ್ತುಹಾಕಿ ನಾಪತ್ತೆಯಾಗಿದ್ದ ರಿಪೇರಿಯವನ ವಿಷಯ. "ಬರ್ಲಿ ಅವ್ನು, ನೋಡ್ಕೋತೀನಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಅಮ್ಮ, ನೋಡ್ಕೋತೀನಿ ಅಂದ್ರೆ ಟೇಕ್ ಕೇರ್ ಮಾಡೋದಲ್ವಾ?"

"ಯಾರು ಯಾರಿಗೆ ಹೇಳ್ತಾರೆ ಅನ್ನೋದ್ರ ಮೇಲೆ ಕಣೆ" ಎಂದರು ಅಮ್ಮ, ತಿರುಗಿಯೂ ನೋಡದೆ.

ಆಮೇಲಿನ ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಜೈಲಿಗೆ ಹಾಕುತ್ತಾರೆ, ಅಪ್ಪನ ಕೆಲಸ ಹೋಗುತ್ತದೆ, ಎಲ್ಲರನ್ನೂ ದೇಶ ಬಿಡಿಸುತ್ತಾರೆ ಎಂದೆಲ್ಲಾ ಅನ್ನಿಸುತ್ತಿತ್ತು. ಅಷ್ಟು ದೊಡ್ಡ ಫೈಲಿನಲ್ಲಿ ಆ ಒಂದು ಸಾಲು ಯಾರ ಕಣ್ಣಿಗೆ ಬೀಳುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸ್ಯಾನ್ ಫ್ರಾನ್ಸಿಸ್ಕೋದ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಅವರ ಮಾತನ್ನು ಇಂಗ್ಲಿಷಿಗೆ ಹೇಳಲು ಕುಳಿತವಳೂ ನಾನೇ. ಅಧಿಕಾರಿ ಸೌಮ್ಯ ಮನುಷ್ಯ. ಹಾಳೆ ತಿರುವುತ್ತಾ ತಿರುವುತ್ತಾ ಸರಿಯಾಗಿ ಆ ಸಾಲಿನ ಮೇಲೆ ಬೆರಳಿಟ್ಟ. ಊರಿನವರು ಇಷ್ಟು ಪ್ರೀತಿಯಿಂದ ಬರೆದಿದ್ದಾರಲ್ಲ, ಈಗ ನಿಮ್ಮ ತಾಯಿಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದ. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಬೇಕಿತ್ತು. ಬೇರೆ ಪದ ನನ್ನ ಹತ್ತಿರ ಇರಲಿಲ್ಲ.

"ನಿಮ್ ತಾಯೀನ ಈಗ ಯಾರು ನೋಡ್ಕೋತಿದಾರೆ?"

ಟೀಚರಮ್ಮನ ಮುಖ ಬಿಳಿಚಿಕೊಂಡಿತು. "ಏನಾಯ್ತು ಮಗ ಅಮ್ಮಂಗೆ? ಏನಾದ್ರೂ ಸುದ್ದಿ ಬಂತಾ?" ಎನ್ನುತ್ತಾ ಎದ್ದು ನಿಂತರು. ನಾನು ಅವರ ತೋಳು ಹಿಡಿದು ಕೂರಿಸಿದೆ. ಆಮೇಲೆ ಅಧಿಕಾರಿಗೆ ಎಲ್ಲವನ್ನೂ ಹೇಳಿದೆ. ನಾನು ಬರೆದದ್ದು ತಪ್ಪು, ಅದು ಕೊಲ್ಲುತ್ತೇವೆ ಎಂಬ ಮಾತು, ನನಗೆ ಈ ಭಾಷೆ ಅಷ್ಟು ಬರುವುದಿಲ್ಲ... ಅವನು ಪೆನ್ನು ಕೆಳಗಿಟ್ಟು, ಹಾಗಾದರೆ ಮಿಕ್ಕವನ್ನು ನಂಬುವುದು ಹೇಗೆ ಎಂದ. ಎಲ್ಲವನ್ನೂ ಬೇರೆಯವರಿಂದ ಮತ್ತೆ ಅನುವಾದ ಮಾಡಿಸಿ ಇನ್ನೊಮ್ಮೆ ಬರಬೇಕಾಯಿತು. ಆ ಇನ್ನೊಮ್ಮೆಗೆ ಸಿಕ್ಕಿದ ತಾರೀಖು ಎಂಟು ತಿಂಗಳ ಆಚೆಯದು. ಮಂಗಳವಾರ ಒಂದು ಮಾತು ತಿಳಿಸಿದ್ದರೆ ಬುಧವಾರವೇ ಸರಿಮಾಡಬಹುದಿತ್ತು ಎಂದು ವಕೀಲೆ ಕಾರಿಡಾರಿನಲ್ಲಿ ಹೇಳಿದರು, ಬೈಯದೆ.

ಬಸ್‌ಸ್ಟಾಪಿನ ಬೆಂಚಿನ ಮೇಲೆ ಕುಳಿತಾಗ ಟೀಚರಮ್ಮ ಕೇಳಿದರು, "ಯಾವಾಗ ಗೊತ್ತಾಯ್ತು ನಿಂಗೆ?"

"ಸೋಮವಾರ."

ಎರಡು ಬಸ್ಸು ಹೋದವು. ಆಮೇಲೆ ಡಬ್ಬಿ ತೆಗೆದು ನನ್ನ ಅಂಗೈಗೆ ಓಮ ಹಾಕಿದರು. "ನೀನು ಬರ್ದಿದ್ದೇ ನಿಜ ಆಗಿದ್ರೆ ಎಷ್ಟು ಚೆನ್ನಾಗಿತ್ತು ಮಗ" ಎಂದರು.

ಆರನೆಯ ತಿಂಗಳಿನಲ್ಲಿ ಅವರ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈಗ ಹೋದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ, ಜೀವಕ್ಕೂ ಅಪಾಯ ಎಂದು ವಕೀಲೆ ಕೈ ಹಿಡಿದು ಬೇಡಿಕೊಂಡರು. ಅದನ್ನೆಲ್ಲಾ ಕನ್ನಡದಲ್ಲಿ ಹೇಳಿದವಳು ನಾನು, ಅಳುತ್ತಾ. "ಹೆತ್ತೋಳನ್ನ ನಾನಲ್ದೆ ಇನ್ಯಾರು ನೋಡ್ಕಬೇಕು?" ಎಂದರು ಟೀಚರಮ್ಮ. ಏರ್‌ಪೋರ್ಟಿನಲ್ಲಿ ಡಬ್ಬಿಯನ್ನು ನನಗೇ ಕೊಟ್ಟರು. ಅಲ್ಲಿ ಓಮಕ್ಕೇನು ಬರವೇ ಎಂದು ನಕ್ಕರು.

ನಾಲ್ಕು ತಿಂಗಳು ವಾರಕ್ಕೊಂದು ಮೆಸೇಜು ಬರುತ್ತಿತ್ತು. ಆಮೇಲೆ ನಿಂತಿತು. ದಿನವೂ ಅವರ ನಂಬರಿಗೆ ಫೋನು ಮಾಡುತ್ತಿದ್ದೆ. ಕಡೆಗೊಂದು ಬೆಳಿಗ್ಗೆ ಪಕ್ಕದ ಮನೆಯ ಹೆಂಗಸೊಬ್ಬರು ಎತ್ತಿಕೊಂಡರು. ಫೋನು ಮನೆಯಲ್ಲೇ ಬಿಟ್ಟು ಟೀಚರಮ್ಮ ಸಂತೆಗೆ ಹೋಗಿದ್ದರಂತೆ. "ಹೋದೋರು ಬರ್ನಿಲ್ಲ ಕಣವ್ವ. ಹುಡುಕದ ಜಾಗ ಇಲ್ಲ. ಮುದ್ಕಮ್ಮನ್ನ ನಾವೇ ನೋಡ್ಕೋತಿದೀವಿ. ನೀನೇನೂ ಯೋಚ್ನೆ ಮಾಡ್ಬೇಡ."

ನಾನು ಕನ್ನಡವನ್ನು ನೆಟ್ಟಗೆ ಕಲಿಯಲು ಕುಳಿತದ್ದು ಅದಾದ ಮೇಲೆ. ವಕೀಲೆ ಕಾಗದಗಳನ್ನು ಬರೆದರು, ಎಲ್ಲಿಂದಲೂ ಉತ್ತರ ಬರಲಿಲ್ಲ. ಟೀಚರಮ್ಮ ಇನ್ನಿಲ್ಲ ಎಂದು ಇವತ್ತಿಗೂ ಯಾರೂ ಹೇಳಿಲ್ಲ, ಆದರೆ ನನಗೆ ಗೊತ್ತು.

ಶನಿವಾರ ಕೋಡುಬಳೆ ಆಗಲಿಲ್ಲ. ಓಮವನ್ನು ಆ ಸ್ಟೀಲ್ ಡಬ್ಬಿಗೆ ತುಂಬಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಪಕ್ಕದ ಮನೆಯಾಕೆಯ ಆ ಮಾತನ್ನು ಅಂದು ವಕೀಲೆಗೆ ಹೇಳುವಾಗ, ನಾನು ಮೊದಲು ಬರೆದಿದ್ದ ಅದೇ ಇಂಗ್ಲಿಷನ್ನು ಹೇಳಬೇಕಾಗಿ ಬಂದಿತ್ತು. ಆ ಸಲ ಅದು ಸರಿಯಾಗಿತ್ತು.